ಕಿತ್ತಳೆ ವ್ಯಾನಿನ ಬಲದೀಪ

ವ್ಯಾನನ್ನು ಮನೆ ಮಾಡಿಕೊಂಡ ಗಂಡಸರಿಗೆಲ್ಲ ಒಂದೇ ರೋಗ. ಹೆಂಡತಿಗೆ ಒಲೆ ಬಿಟ್ಟುಕೊಡುತ್ತಾರೆ, ಸಿಂಕು ಬಿಟ್ಟುಕೊಡುತ್ತಾರೆ, ಪರದೆಗೆ ಯಾವ ಬಣ್ಣ ಬೇಕೆಂದು ಎರಡೆರಡು ಸಲ ಕೇಳುತ್ತಾರೆ. ಸ್ಟಿಯರಿಂಗ್ ಮಾತ್ರ ಬಿಟ್ಟುಕೊಡುವುದಿಲ್ಲ. ನನ್ನವನೂ ಸಾಯುವ ತನಕ ಹಾಗೇ ಇದ್ದ. ಅವನು ಹೋದ ಮೇಲೆ ನಮ್ಮ ವ್ಯಾನನ್ನು ನಾನೇ ಓಡಿಸುತ್ತಿದ್ದೇನೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಒಸ್ಮಾರನಿಗೂ ಇದೇ ರೋಗ, ಆದರೆ ಅವನಿಗೆ ಅದು ಬರಲು ಕಾರಣವಿತ್ತು. ತ್ರೆಸ್ ಅರೋಯೋಸ್ ಊರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಅವನ ವ್ಯಾನಿನಲ್ಲೇ ಶಾಲೆಗೆ ಹೋಗಿ ದೊಡ್ಡವರಾದವರು. ದೊಡ್ಡವರಾದ ಮೇಲೆ ತಮ್ಮ ಮಕ್ಕಳನ್ನೂ ಅವನ ಕೈಗೇ ಒಪ್ಪಿಸಿದರು. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಅವನಿಗೂ ಹೆಂಡತಿ ನೆಲಿದಾಳಿಗೂ ಮಕ್ಕಳಾಗಲಿಲ್ಲ. "ನನಗೆ ಬೆಳಿಗ್ಗೆ ಒಂದು ವ್ಯಾನ್ ತುಂಬ, ಮಧ್ಯಾಹ್ನ ಒಂದು ವ್ಯಾನ್ ತುಂಬ" ಎಂದು ಒಸ್ಮಾರ್ ತಮಾಷೆ ಮಾಡುತ್ತಿದ್ದ. ನೆಲಿದಾ ನಗುತ್ತಿದ್ದಳು, ಪ್ರತಿ ಸಲವೂ ಅಲ್ಲ.

ಕೆಲಸ ಬಿಟ್ಟ ವರ್ಷ ಆ ಶಾಲೆ ವ್ಯಾನನ್ನೇ ಅವನು ಮನೆಯಾಗಿ ಕಟ್ಟಿದ. ಸೀಟುಗಳನ್ನೆಲ್ಲ ಕಿತ್ತು ಮಂಚ ಹಾಕಿದ, ಗ್ಯಾಸ್ ಒಲೆ ಹಾಕಿದ, ನೀರಿನ ಡ್ರಮ್ ಕೂರಿಸಿದ. ಮಕ್ಕಳು ಚೀಲ ನೇತುಹಾಕುತ್ತಿದ್ದ ಕೊಕ್ಕೆಗಳಿಗೆ ಈಗ ಬಾಣಲೆ, ಸೌಟು. ಯಾರೋ ಬಿಟ್ಟುಹೋಗಿ ವಾಪಸ್ ಕೇಳದ ಬಿಳಿ ಶಾಲೆ ಅಂಗಿಗಳನ್ನು ಬಿಚ್ಚಿ ನೆಲಿದಾ ಪರದೆ ಹೊಲಿದಳು. ಒಂದು ಪರದೆಗೆ ಜೇಬು ಇನ್ನೂ ಹಾಗೇ ಇದೆ, ಅದರಲ್ಲಿ ಬೆಂಕಿಪೊಟ್ಟಣ ಇಡುತ್ತಾಳೆ. ಡ್ರೈವರ್ ಹಿಂದಿನ ಒಂದೇ ಒಂದು ಸೀಟನ್ನು, ಬೆಲ್ಟಿನ ಸಮೇತ, ಒಸ್ಮಾರ್ ಕೀಳಲಿಲ್ಲ. ಯಾಕೆ ಅಂತ ಕೇಳಿದರೆ, "ಇರ್ಲಿ ಬಿಡು" ಅಂದ. ಬಣ್ಣವನ್ನೂ ಬದಲಾಯಿಸಲಿಲ್ಲ. ನಮ್ಮಲ್ಲಿ ಶಾಲೆ ವ್ಯಾನೆಂದರೆ ಕೆಳಗೆ ಕಿತ್ತಳೆ, ಮೇಲೆ ಬಿಳಿ. ಹುಟ್ಟಿದ ಕೂಸಿಗೂ ಅದು ಗೊತ್ತು. ಹಾಗಾಗಿ ನಾವು ವ್ಯಾನಿನವರೆಲ್ಲ ಅದನ್ನು ಕಿತ್ತಳೆ ಅಂತಲೇ ಕರೆಯುವುದು.

ಬಾಡಿಗೆ ಮನೆ ಖಾಲಿ ಮಾಡಿದರು. ಮೇಜು ಕುರ್ಚಿ ನೆಲಿದಾಳ ತಂಗಿಯ ಮನೆ ಸೇರಿದವು. ಬೇಸಿಗೆಯಲ್ಲಿ ತಂಪಿನ ದಕ್ಷಿಣಕ್ಕೆ, ಚಳಿಗಾಲದಲ್ಲಿ ಬೆಚ್ಚನೆಯ ಉತ್ತರಕ್ಕೆ. ಕಡಲ ದಂಡೆಯ ಊರುಗಳಲ್ಲಿ ನಿಲ್ಲಿಸಿಕೊಂಡು ನೆಲಿದಾ ಹಿಟ್ಟಿನ ಬಿಲ್ಲೆಗಳನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿ ಮಾರುತ್ತಿದ್ದಳು. ಕಿತ್ತಳೆ ಬಿಟ್ಟರೆ ಅವರಿಗೆ ಬೇರೆ ಸೂರಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ನೆಲಿದಾಳನ್ನು ಬೈಯಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಅವನ ಕಣ್ಣಿನ ವಿಷಯ ಅವಳಿಗೆ ಗೊತ್ತಾದದ್ದು ಮಾಟೆಯಿಂದ. ಮಾಟೆ ನಮ್ಮ ಕಷಾಯ. ಸೋರೆ ಬುರುಡೆಯ ತುಂಬ ಎಲೆಪುಡಿ ಹಾಕಿ, ಮೇಲೆ ಬಿಸಿನೀರು ಹೊಯ್ದು, ಲೋಹದ ಕೊಳವೆಯಲ್ಲಿ ಹೀರುವುದು. ಅದಿಲ್ಲದೆ ನಮಗೆ ಬೆಳಗಾಗುವುದಿಲ್ಲ. ಗಾಡಿ ನಿಂತಾಗ ಒಸ್ಮಾರ್ ಹೊಯ್ಯುವುದು, ಓಡುವಾಗ ನೆಲಿದಾ ಹೊಯ್ಯುವುದು, ಅದು ಅವರ ಮದುವೆಯಷ್ಟೇ ಹಳೆಯ ಒಪ್ಪಂದ. ಒಂದು ಬೆಳಿಗ್ಗೆ ಅವನು ಹೊಯ್ದ ನೀರು ಬುರುಡೆಯ ಪಕ್ಕದಲ್ಲಿ ಹಾದು ಅವನ ತೊಡೆಯ ಮೇಲೇ ಬಿತ್ತು. ಅವನು ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಹೊಯ್ದ. ಅದೂ ಪಕ್ಕಕ್ಕೇ ಹೋಯಿತು.

"ಯಾವಾಗಿಂದ?" ಅಂದಳು ನೆಲಿದಾ.

"ಏನು ಯಾವಾಗಿಂದ?"

"ಒಸ್ಮಾರ್."

ಅವನು ಫ್ಲಾಸ್ಕ್ ಕೆಳಗಿಟ್ಟ. "ಹೋದ ಚಳಿಗಾಲದಿಂದ. ನಟ್ಟನಡುವೆ ಒಂದು ಬೂದಿ ಕಲೆ ಇದೆ. ಸುತ್ತ ಎಲ್ಲಾ ಸರಿಯಾಗೇ ಕಾಣುತ್ತೆ. ಈಗ ನೀನು ಕಾಣ್ತಿಲ್ಲ, ನಿನ್ನ ಕಿವಿ ಕಾಣ್ತಿದೆ."

"ಕಿವಿನಾದ್ರೂ ಚೆನ್ನಾಗಿದೆಯಾ?"

"ಚೆನ್ನಾಗಿದೆ ಮುದುಕಿ."

"ಡಾಕ್ಟರ ಹತ್ರ ಹೋಗಿದ್ಯಲ್ಲ ಬಾಹಿಯಾ ಬ್ಲಾಂಕಾದಲ್ಲಿ. ವಯಸ್ಸಾಯ್ತು ಅಂದ್ರು ಅಂತ ಬಂದು ಹೇಳ್ದೆ."

"ಅದನ್ನೂ ಅಂದ್ರು."

"ಮತ್ತೇನಂದ್ರು?"

"ಇದು ವಾಸಿಯಾಗೋದಲ್ಲ ಅಂದ್ರು. ಗಾಡಿ ಮುಟ್ಟಬೇಡಿ ಅಂದ್ರು. ಅವರಿಗೇನು, ಮನೆ ಇದೆ, ಹೇಳಿಬಿಟ್ರು."

ಆಗಲೇ ನೆಲಿದಾ ಕೀಲಿಕೈ ಕಿತ್ತುಕೊಳ್ಳಬೇಕಿತ್ತು. ಅವಳ ಹತ್ತಿರವೂ ಲೈಸೆನ್ಸ್ ಇತ್ತು. ಚಿಕ್ಕವಳಿದ್ದಾಗ ಅಪ್ಪನ ಜಮೀನಿನಲ್ಲಿ ಗೋಧಿ ಲಾರಿ ಓಡಿಸಿದವಳು ಅವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಿಂದಕ್ಕೆ ತೆಗೆಯುವಾಗ ಗೇಟಿಗೆ ಉಜ್ಜಿದಳು, ಒಸ್ಮಾರ್ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ. ಕೆಟ್ಟದ್ದಕ್ಕಲ್ಲ, ಅವನು ಎಲ್ಲದಕ್ಕೂ ನಗುತ್ತಿದ್ದ. ಆದರೆ ಅವಳು ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ಒಸ್ಮಾರ್ ಲೈಸೆನ್ಸ್ ಹೊಸದು ಮಾಡಿಸಲು ಹೋದಾಗಲೆಲ್ಲ ಜೊತೆಗೆ ಹೋಗಿ ತನ್ನದನ್ನೂ ಮಾಡಿಸಿಕೊಂಡು ಬರುತ್ತಿದ್ದಳು, ಅಷ್ಟೇ.

"ನಾನು ಓಡಿಸ್ತೀನಿ ಅನ್ನೋ ಮಾತು ನಾಲಿಗೆ ತುದಿಗೆ ಬಂತು" ಅಂದಳು ನನ್ನ ಹತ್ತಿರ. "ಅವನ ಮುಖ ನೋಡ್ದೆ. ಆ ಮಾತು ಆಡಿದ್ರೆ ನಿನ್ನ ಕಥೆ ಮುಗೀತು ಕಣೋ ಅಂತ ನಾನೇ ಹೇಳಿದ ಹಾಗಾಗ್ತಿತ್ತು. ನುಂಗ್ಕೊಂಡೆ."

ಹಾಗೆ ಆ ಬೇಸಿಗೆ ಶುರುವಾಯಿತು. ಕೈ ಅವನದು, ಕಣ್ಣು ಇವಳದು. ಗಾಡಿ ಹೊರಟಿತೆಂದರೆ ನೆಲಿದಾಳ ಬಾಯಿಗೆ ಬಿಡುವಿಲ್ಲ. ಬಲಕ್ಕೆ ತಿರುವು, ಎದುರಿಗೆ ಬಸ್ಸು, ಬೇಲಿಯ ಹತ್ತಿರ ಗ್ವಾನಾಕೋ ಹಿಂಡು, ಉದ್ದ ಕತ್ತು ಈ ಕಡೆಗೇ ತಿರುಗಿಸಿದೆ, ನಿಧಾನ, ಈಗ ಹೋಗು. ನಮ್ಮ ದಕ್ಷಿಣದ ರಸ್ತೆ ಹೇಗೆಂದರೆ, ಒಂದು ತಿರುವು ಸಿಕ್ಕರೆ ಡ್ರೈವರಿಗೆ ಹಬ್ಬ. ಎರಡೂ ಕಡೆ ಮುಳ್ಳುಪೊದೆಯ ಬಯಲು, ಪಡುವಣದಿಂದ ಗಾಡಿಯನ್ನೇ ಪಕ್ಕಕ್ಕೆ ತಳ್ಳುವ ಗಾಳಿ. ಊರೊಳಗೆ ಕಷ್ಟವಿತ್ತು, ಹೆದ್ದಾರಿಯಲ್ಲಿ ಅಂಥ ಕಷ್ಟವಿರಲಿಲ್ಲ. ವಾರಗಳು ಕಳೆದವು. ಏನೂ ಆಗಲಿಲ್ಲ. ಏನೂ ಆಗದೆ ಇರುವುದು ಬಹಳ ಕೆಟ್ಟದ್ದು, ಮನುಷ್ಯ ಅದನ್ನು ನಂಬಿಬಿಡುತ್ತಾನೆ.

ಒಂದು ಕೆಲಸವನ್ನು ಮಾತ್ರ ಅವರು ತುಂಬ ಎಚ್ಚರದಿಂದ ಮಾಡುತ್ತಿದ್ದರು. ಅದು ದೀಪದ ಕೆಲಸ. ನಮ್ಮ ರಸ್ತೆಗಳಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ, ಹೋಗುವುದಕ್ಕೆ ಒಂದು ಸಾಲು, ಬರುವುದಕ್ಕೆ ಒಂದು ಸಾಲು. ಮುಂದೆ ನಿಧಾನವಾಗಿ ಹೋಗುವ ದೊಡ್ಡ ಗಾಡಿ ಇದ್ದರೆ ಹಿಂದಿನವನಿಗೆ ಮುಂದಿನದು ಕಾಣುವುದಿಲ್ಲ. ಆಗ ಮುಂದಿನವನು ದೀಪ ತೋರಿಸುತ್ತಾನೆ. ಬಲದೀಪ ಮಿಣುಕಿಸಿದರೆ ರಸ್ತೆ ಖಾಲಿ ಇದೆ, ದಾಟಿ ಹೋಗು ಎಂದು. ಎಡದೀಪವಾದರೆ ಎದುರಿಗೆ ಯಾರೋ ಬರುತ್ತಿದ್ದಾರೆ, ಹಿಂದೆಯೇ ಇರು ಎಂದು. ಬಲದೀಪದ್ದು ಯಾವ ಕಾನೂನಿನಲ್ಲೂ ಇಲ್ಲ, ಲಾರಿಯವರು ಮಾಡಿಕೊಂಡದ್ದು, ನಾವು ವ್ಯಾನಿನವರೂ ಕಲಿತದ್ದು. ಮುಖ ಕಾಣದ ಮನುಷ್ಯನೊಬ್ಬನ ದೀಪ ನಂಬಿ ಹಿಂದಿನವನು ಹೆಂಡತಿ ಮಕ್ಕಳ ಸಮೇತ ಎದುರು ಸಾಲಿಗೆ ಇಳಿಯುತ್ತಾನೆ. ದಾಟಿದ ಮೇಲೆ ಹಾರ್ನ್ ಮಾಡಿ ಥ್ಯಾಂಕ್ಸ್ ಹೇಳುತ್ತಾನೆ, ಇವನು ಕಿಟಕಿಯಿಂದ ಕೈ ಎತ್ತುತ್ತಾನೆ. ಈ ಮರ್ಯಾದೆಯೆಂದರೆ ಒಸ್ಮಾರನಿಗೆ ಪ್ರಾಣ. ನಿಧಾನ ಹೋಗುವವನು ಹಿಂದಿನವರನ್ನು ಕಾಯಿಸಬಾರದು ಅನ್ನುತ್ತಿದ್ದ.

ಹಾಗಾಗಿ ಹಿಂದೆ ಯಾರಾದರೂ ಬಂದರೆ ನೆಲಿದಾ ದೂರದ ತನಕ ನೋಡಿ "ಖಾಲಿ, ಹಾಕು" ಅನ್ನುತ್ತಿದ್ದಳು. ಅವಳು ಅನ್ನದೆ ಒಸ್ಮಾರ್ ಬಲದೀಪ ಹಾಕಕೂಡದು. ಅದನ್ನು ಅವನ ಕೈಲಿ ಆಣೆ ಮಾಡಿಸಿಕೊಂಡಿದ್ದಳು.

ಆ ದಿನ ಅವರು ಸಿಯೆರ್ರಾ ಗ್ರಾಂದೆ ದಾಟಿ ಕಡಲ ಕಡೆಗೆ ಇಳಿಯುತ್ತಿದ್ದರು. ಬಿಸಿಲಿತ್ತು, ಗಾಳಿ ಜೋರಿತ್ತು. ಹಿಂದೆ ಒಂದು ಸಣ್ಣ ಬಿಳಿ ಕಾರು ಬಹಳ ಹೊತ್ತಿನಿಂದ ಅಂಟಿಕೊಂಡು ಬರುತ್ತಿತ್ತು. ಎದುರಿಗೆ ಲಾರಿಗಳ ಮೇಲೆ ಲಾರಿ. ನೆಲಿದಾ ಪ್ರತಿ ಸಲ ಎಡದೀಪವನ್ನೇ ಹಾಕಿಸುತ್ತಿದ್ದಳು.

"ಪಾಪ, ಎಷ್ಟು ಹೊತ್ತು ಕಾಯಿಸೋದು ಅವನ್ನ" ಅಂದ ಒಸ್ಮಾರ್.

"ಕಾಯ್ಲಿ. ಕಡಲೇನು ಓಡಿ ಹೋಗಲ್ಲ."

ಮಾಟೆ ಹೊಯ್ಯಲು ಅವಳು ಫ್ಲಾಸ್ಕ್ ತೆಗೆದಳು. ಅಷ್ಟರಲ್ಲಿ ಗಾಳಿ ಪಕ್ಕದಿಂದ ಬಡಿಯಿತು, ಕಿತ್ತಳೆ ಓಲಾಡಿತು, ಫ್ಲಾಸ್ಕ್ ಕೈಜಾರಿ ಅವಳ ಕಾಲಿನ ಮೇಲೆ ಬಿಸಿನೀರು ಚೆಲ್ಲಿ ಸೀಟಿನ ಕೆಳಗೆ ಉರುಳಿತು. ನೆಲಿದಾ ಬೈದುಕೊಂಡು ಬೆಲ್ಟ್ ಸಡಿಲಿಸಿ ಬಗ್ಗಿದಳು. ಫ್ಲಾಸ್ಕ್ ಒಸ್ಮಾರನ ಪೆಡಲುಗಳ ಕಡೆಗೆ ಹೋಗುತ್ತಿತ್ತು, ಅದು ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ ಕಥೆ ಕೆಟ್ಟಿತು ಅಂತ ಅವಳಿಗೆ ಗಾಬರಿ. ಕೈ ಚಾಚಿ ತಡಕಾಡಿದಳು. ತಲೆಯ ಮೇಲೆಲ್ಲೋ ಟಿಕ್ ಟಿಕ್ ಶಬ್ದ ಕೇಳಿತು. ಅದೇನೆಂದು ಅವಳಿಗೆ ಹೊಳೆಯುವ ಮೊದಲೇ ಕಾರಿನ ಎಂಜಿನ್ ಸದ್ದು ಪಕ್ಕದಲ್ಲಿ ಏರಿ ಮುಂದೆ ಹೋಯಿತು. ಆಮೇಲೆ ಲಾರಿಯ ಹಾರ್ನ್, ಉದ್ದಕ್ಕೆ, ನಿಲ್ಲದೆ. ಆಮೇಲೆ ಜಲ್ಲಿಕಲ್ಲು ಸಿಡಿದ ಸದ್ದು, ತಗಡು ಬಡಿದ ಸದ್ದು.

ನೆಲಿದಾ ತಲೆ ಎತ್ತಿದಳು. ಮೀಟರಿನ ಪಕ್ಕದಲ್ಲಿ ಹಸಿರು ಬಾಣ ಬಲಕ್ಕೆ ಮಿಣುಕುತ್ತಿತ್ತು. ಒಸ್ಮಾರ್ ಅದೇ ವೇಗದಲ್ಲಿ, ನೆಟ್ಟಗೆ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಹೋಗುತ್ತಲೇ ಇದ್ದ.

"ಏನಾಯ್ತು ನೆಲಿ?" ಅಂದ. "ಏನದು ಸದ್ದು? ಖಾಲಿ ಇತ್ತಲ್ಲ. ಅವನಿಗೆ ದೀಪ ಹಾಕ್ದೆ."

ಅಲ್ಲಿ ರಸ್ತೆ ಒಂದು ತಗ್ಗಿಗೆ ಇಳಿಯುತ್ತದೆ. ತಗ್ಗಿನೊಳಗೆ ಇರುವ ಲಾರಿ ಮೇಲೆ ಬರುವ ತನಕ ಕಾಣುವುದಿಲ್ಲ. ಸರಿಯಾದ ಕಣ್ಣಿದ್ದವರು ತಗ್ಗನ್ನಾದರೂ ನೋಡುತ್ತಾರೆ, ನೋಡಿ ದೀಪ ಹಾಕದೆ ಸುಮ್ಮನಿರುತ್ತಾರೆ. ಒಸ್ಮಾರನಿಗೆ ಆ ರಸ್ತೆ ಬಾಯಿಪಾಠ. ಇಂಥ ಕಡೆ ತಗ್ಗು ಅಂತ ಅವನಿಗೆ ಗೊತ್ತಿತ್ತು, ತಾನು ಇನ್ನೂ ಅಲ್ಲಿಗೆ ಬಂದಿಲ್ಲ ಅಂದುಕೊಂಡಿದ್ದ.

ಎದುರು ಬಂದದ್ದು ಕುರಿ ತುಂಬಿದ ಲಾರಿ. ಕಾರಿನ ಹುಡುಗ ಎಡಕ್ಕೆ ಎಳೆದು ರಸ್ತೆಯಿಂದಲೇ ಹೊರಗೆ ಹಾರಿದ್ದರಿಂದ ಲಾರಿ ತಪ್ಪಿತು. ಜಲ್ಲಿಯ ಮೇಲೆ ಕಾರು ಒಂದು ಸುತ್ತು ಉರುಳಿ ಪಕ್ಕಕ್ಕೆ ಮಲಗಿತ್ತು, ಮೇಲಿನ ಚಕ್ರಗಳು ಇನ್ನೂ ತಿರುಗುತ್ತಿದ್ದವು. ನೆಲಿದಾ ಗಾಡಿ ಪಕ್ಕಕ್ಕೆ ಹಾಕಿಸಿ ಓಡಿದಳು. ಅಷ್ಟರಲ್ಲಿ ಲಾರಿಯವನು ಕಾರಿನ ಬಾಗಿಲ ಮೇಲೆ ಹತ್ತಿ ಒಳಗಿನವರನ್ನು ಎಳೆಯುತ್ತಿದ್ದ.

ಮೂರು ಜನ. ಲಿಸಾಂದ್ರೊ ಎನ್ನುವ ಹುಡುಗ, ರೊಸಾರಿಯೊ ಪಟ್ಟಣದವನು, ಮೂವತ್ತೂ ಇರಲಾರದು, ಹಣೆಯಿಂದ ರಕ್ತ. ಅವನ ಹೆಂಡತಿ, ಭುಜದ ಮೂಳೆ ಮುರಿದು ತೋಳು ಜೋತುಬಿದ್ದಿತ್ತು. ಮತ್ತೆ ಅವರ ಮಗಳು ಮೋರಾ, ಹೋದ ವರ್ಷ ಶಾಲೆಗೆ ಸೇರಿದವಳು. ಬೆಲ್ಟ್ ಕಟ್ಟಿದ್ದರಿಂದ ಅವಳಿಗೆ ಒಂದು ಗೀರೂ ಆಗಿರಲಿಲ್ಲ. ದೇವರು ದೊಡ್ಡವನು ಅಂತ ಲಾರಿಯವನು ಎದೆ ಮುಟ್ಟಿಕೊಂಡ.

ಲಾರಿಯ ಮರೆಯಲ್ಲಿ, ಗಾಳಿ ಬೀಳದ ಕಡೆ, ಹೆಂಡತಿಯನ್ನು ಕೂರಿಸಿದರು. ಮೋರಾಳನ್ನು ನೆಲಿದಾ ಎತ್ತಿಕೊಂಡು ಹೋಗಿ ಕಿತ್ತಳೆಯೊಳಗೆ ಬಿಟ್ಟಳು. ಆಂಬುಲೆನ್ಸಿಗೆ ಫೋನ್ ಮಾಡಿದರು. ಅದಕ್ಕೂ ಮೊದಲು ಬಂದದ್ದು ಹತ್ತಿರದ ಚೌಕಿಯ ಪೊಲೀಸಿನವನು. ಅವನು ಬರುವ ಹೊತ್ತಿಗೆ ಆ ಹೆಣ್ಣುಮಗಳು ನೋವಿನಲ್ಲಿ ಗಂಡನ ಮೇಲೆ ಕಿರುಚುತ್ತಿದ್ದಳು.

"ಯಾಕೋ ದಾಟ್ದೆ? ಅಷ್ಟೇನು ಅರ್ಜೆಂಟು ನಿಂಗೆ? ಹಿಂದೆ ಮಗು ಇತ್ತು. ಮಗು ಇತ್ತು ಕಣೋ ಹಿಂದೆ."

"ದೀಪ ಹಾಕಿದ್ರು. ಬಲದೀಪ. ನಾನು ನೋಡ್ದೆ."

"ಏನು ನೋಡಿದ್ಯೋ. ಎದುರಿಗೆ ಲಾರಿ ಬರೋದು ಕಾಣ್ಲಿಲ್ಲ, ದೀಪ ಕಾಣ್ತಂತೆ."

ಪೊಲೀಸಿನವನು ಕಿತ್ತಳೆಯ ಕಡೆ ನೋಡಿದ. ಬಲದೀಪ ಆಗಲೂ ಮಿಣುಕುತ್ತಿತ್ತು. ಆದರೆ ಪಕ್ಕಕ್ಕೆ ನಿಲ್ಲಿಸುವವರು ಯಾರಾದರೂ ಬಲದೀಪವನ್ನೇ ಹಾಕುವುದು, ಅದರಿಂದ ಏನೂ ತಿಳಿಯುವುದಿಲ್ಲ.

"ಪಟ್ಟಣದವರು ಸಾರ್ ಇವರು" ಅಂದ ಲಾರಿಯವನು. "ಬೇಸಿಗೆಯಲ್ಲಿ ಒಂದ್ಸಲ ಈ ಕಡೆ ಬರ್ತಾರೆ. ಎಡದೀಪ ಹಾಕಿದ್ರೆ ಹೋಗು ಅಂತ ತಿಳ್ಕೊಳ್ಳೋರನ್ನ ಎಷ್ಟು ಜನ ನೋಡಿಲ್ಲ ನಾನು."

"ನೀನು ಎಲ್ಲಿ ಕಲಿತೆಯಪ್ಪಾ ದೀಪ?" ಅಂತ ಪೊಲೀಸಿನವನು ಹುಡುಗನನ್ನು ಕೇಳಿದ. ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಕೆಟ್ಟದಾಗಿತ್ತು.

"ಎಲ್ಲೂ ಇಲ್ಲ. ಇಲ್ಲೇ, ನಿನ್ನೆ ಮೊನ್ನೆ. ಬಂಕಿನಲ್ಲಿ ಯಾರೋ ಹೇಳಿದ್ರು." ಲಿಸಾಂದ್ರೊ ತನ್ನ ಎರಡೂ ಕೈ ನೋಡಿಕೊಂಡ. "ಬಲಗಡೆನೇ ಸಾರ್. ಅಷ್ಟು ಹೊತ್ತು ಎಡಗಡೆ ಹಾಕ್ತಿದ್ರು, ಆಮೇಲೆ ಬಲಗಡೆ... ಬಲಗಡೆ ಅಂತಲೇ ಅನ್ಸುತ್ತೆ."

ಪೊಲೀಸಿನವನು ಒಸ್ಮಾರನ ಹತ್ತಿರ ಹೋದ. ಒಸ್ಮಾರ್ ಕಿತ್ತಳೆಗೆ ಒರಗಿ ನಿಂತಿದ್ದ, ಟೋಪಿಯನ್ನು ಗಾಳಿ ಹಾರಿಸದಂತೆ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಜಮಾನ್ರೇ, ಶಾಲೆ ವ್ಯಾನ್ ಓಡಿಸ್ತಿದ್ರಾ ನೀವು?"

"ಜೀವಮಾನವೆಲ್ಲ."

"ಹಾಗಾದ್ರೆ ನಾನು ಕೇಳೋದೇ ತಪ್ಪು. ಆದ್ರೂ ಕೇಳ್ಬೇಕಲ್ಲ. ಯಾವ ದೀಪ ಹಾಕಿದ್ರಿ ಹುಡುಗನಿಗೆ?"

ನೆಲಿದಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ತಿರುಗಲಿಲ್ಲ.

"ಎಡದೀಪ" ಅಂದ ಒಸ್ಮಾರ್.

ಮೂವತ್ತೈದು ವರ್ಷದ ಸಂಸಾರದಲ್ಲಿ ಒಸ್ಮಾರ್ ಹೆಂಡತಿಗೆ ಸಣ್ಣಪುಟ್ಟ ಸುಳ್ಳು ನೂರು ಹೇಳಿದ್ದಾನೆ, ಬೇರೆಯವರ ತಲೆಗೆ ಕಟ್ಟುವ ಸುಳ್ಳು ಹೇಳಿದ್ದು ಅದೇ ಮೊದಲು ಅಂದಳು ನೆಲಿದಾ. ಅವಳಿಗೆ ಸಿಟ್ಟು ಬರಲಿಲ್ಲವಂತೆ, ಹೆದರಿಕೆಯಾಯಿತಂತೆ. ಯಾಕೆಂದರೆ ಆ ಮಾತು ಕೇಳಿದ ಕೂಡಲೇ ಅವಳ ಒಳಗೆ ಏನೋ ಹಗುರವಾಯಿತು. ಮುಗಿಯಿತು, ಮನೆ ಉಳಿಯಿತು, ಸಂಜೆಗೆ ಕಡಲ ಹತ್ತಿರ ನಿಲ್ಲಿಸಿ ಒಲೆ ಹಚ್ಚಬಹುದು ಅನ್ನಿಸಿತು. ಹುಡುಗನ ಕಡೆ ನೋಡಿದಳು. ಅವನು ವಾದ ಮಾಡಲಿಲ್ಲ. ಅವನೂ ಆ ಮುದುಕನ ಮುಖ ನೋಡಿ, ಬಿಳಿಗೂದಲು ನೋಡಿ, ಕಿತ್ತಳೆ ಬಣ್ಣ ನೋಡಿ, ತನ್ನ ಕಣ್ಣನ್ನೇ ನಂಬದೆ ಹೋದ.

"ನಾನೇ ತಪ್ಪು ನೋಡಿರ್ಬೇಕು" ಅಂದ ಹೆಂಡತಿಗೆ. ಅವಳು ಮುಖ ತಿರುಗಿಸಿದಳು.

ಅಳುತ್ತಿದ್ದ ಹೆಣ್ಣುಮಗಳಿಗೆ ನೀರು ತರುತ್ತೇನೆಂದು ನೆಲಿದಾ ಕಿತ್ತಳೆಯೊಳಗೆ ಹೋದಳು. ಮೋರಾ ಮಂಚದ ಮೇಲೆ ಇರಲಿಲ್ಲ. ಡ್ರೈವರ್ ಹಿಂದಿನ ಆ ಒಂದೇ ಸೀಟಿನಲ್ಲಿ ಕೂತು, ಬೆಲ್ಟನ್ನು ತಾನೇ ಕಟ್ಟಿಕೊಂಡು, ಕೈ ಎರಡೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅಜ್ಜಿ, ಇದು ಶಾಲೆ ವ್ಯಾನಾ?"

"ಆಗಿತ್ತು ಪುಟ್ಟಿ."

"ನಾನೂ ಶಾಲೆಗೆ ಇಂಥದ್ರಲ್ಲೇ ಹೋಗೋದು. ಇದ್ರ ಡ್ರೈವರ್ ಯಾರು?"

"ಹೊರಗಡೆ ಇದಾನಲ್ಲ, ಆ ಅಜ್ಜ."

ಮೋರಾ ಕಿಟಕಿಯಿಂದ ನೋಡಿದಳು. "ವ್ಯಾನ್ ಡ್ರೈವರ್‌ಗಳು ಚೆನ್ನಾಗಿ ಓಡಿಸ್ತಾರೆ" ಅಂದಳು. "ನಮ್ಮಪ್ಪನಿಗೆ ಬರಲ್ಲ. ನಮ್ಮಪ್ಪ ಕಾರ್ ಪಲ್ಟಿ ಮಾಡ್ದ. ಅಮ್ಮನ ಕೈ ಮುರ್ದ. ನಾನಿನ್ನು ಅಪ್ಪನ ಜೊತೆ ಎಲ್ಲಿಗೂ ಬರಲ್ಲ."

ಸಿಟ್ಟಿಲ್ಲದೆ ಹೇಳಿದಳು, ಪಾಠ ಒಪ್ಪಿಸಿದ ಹಾಗೆ. ನೆಲಿದಾ ನೀರಿನ ಲೋಟ ಹಿಡಿದುಕೊಂಡು ನಿಂತಳು. ಲೋಟ ತುಂಬಿ ಕೈಮೇಲೆ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ಮಗು ದೊಡ್ಡದಾಗುತ್ತದೆ, ಇದನ್ನು ನೆನಪಿಟ್ಟುಕೊಳ್ಳುತ್ತದೆ, ಯಾವತ್ತೋ ಒಂದು ದಿನ ಜಗಳದಲ್ಲಿ ಅಪ್ಪನ ಮುಖಕ್ಕೆ ಇದನ್ನು ಹೇಳುತ್ತದೆ, ಆ ಹುಡುಗ ಆಗಲೂ ತಲೆ ತಗ್ಗಿಸುತ್ತಾನೆ. ಇಷ್ಟನ್ನೂ ಅವಳು ಕಣ್ಣಾರೆ ಕಂಡಂತೆ ಕಂಡಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಇಳಿದಳು.

"ಬಲದೀಪ" ಅಂದಳು ಪೊಲೀಸಿನವನಿಗೆ.

"ಏನಮ್ಮಾ?"

"ಹುಡುಗ ನೋಡಿದ್ದು ಸರಿ. ನಮ್ಮವರು ಹಾಕಿದ್ದು ಬಲದೀಪ."

"ನೀವು ಕೆಳಗೆ ಬಗ್ಗಿ ಫ್ಲಾಸ್ಕ್ ಹುಡುಕ್ತಿದ್ದೆ ಅಂದ್ರಲ್ಲಮ್ಮಾ ಆಗ್ಲೇ."

"ಬಗ್ಗಿದ್ದೆ. ತಲೆ ಎತ್ತಿದಾಗ ಬಾಣ ಬಲಕ್ಕೆ ಮಿಣುಕ್ತಿತ್ತು. ಆಗಿನ್ನೂ ನಾವು ಪಕ್ಕಕ್ಕೆ ಹಾಕಿರ್ಲಿಲ್ಲ. ಖಾಲಿ ಇತ್ತಲ್ಲ, ದೀಪ ಹಾಕ್ದೆ ಅಂತ ಅವರ ಬಾಯಲ್ಲೇ ಹೇಳಿದ್ರು."

"ನೆಲಿ" ಅಂದ ಒಸ್ಮಾರ್. ಮೆಲ್ಲಗೆ ಅಂದ, ಬೇಡ ಅನ್ನುವ ಹಾಗೆ.

ಪೊಲೀಸಿನವನಿಗೆ ಇದು ಬೇಕಿರಲಿಲ್ಲ. "ಅಮ್ಮಾ, ಗಾಬರಿಯಲ್ಲಿ ಎಲ್ಲರಿಗೂ ಏನೇನೋ ಕಂಡ ಹಾಗಾಗುತ್ತೆ. ಇಷ್ಟು ವರ್ಷ ಮಕ್ಕಳನ್ನ ಕರ್ಕೊಂಡು ಹೋದ ಮನುಷ್ಯ, ಲಾರಿ ಬರೋದು ನೋಡ್ಕೊಂಡು ಬಲದೀಪ ಹಾಕ್ತಾರಾ?"

"ನೋಡಿದ್ರೆ ಹಾಕ್ತಿರ್ಲಿಲ್ಲ. ಅವರಿಗೆ ಕಾಣಲ್ಲ."

ಲಾರಿಯಲ್ಲಿ ಕುರಿಗಳು ಅರಚುತ್ತಿದ್ದವು.

"ಹೋದ ಚಳಿಗಾಲದಿಂದ ಕಾಣಲ್ಲ. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ, ಅವರು ಓಡಿಸ್ತಾರೆ. ಇವತ್ತು ನಾನು ಹೇಳ್ಲಿಲ್ಲ."

ಒಸ್ಮಾರ್ ಅಂಗಿ ಜೇಬಿಗೆ ಕೈ ಹಾಕಿ ಲೈಸೆನ್ಸ್ ತೆಗೆದ. ನೆಟ್ಟಗೆ ನಿಂತು, ಮರ್ಯಾದೆಯಿಂದ, ಕೈ ಚಾಚಿ ಪೊಲೀಸಿನವನಿಗೆ ಕೊಡಲು ಹೋದ. ಅವನು ಕೈ ಚಾಚಿದ್ದು ಲಾರಿಯವನಿಗೆ. ಇಬ್ಬರೂ ಕಪ್ಪು ಜಾಕೆಟ್ ಹಾಕಿದ್ದರು, ಇಬ್ಬರೂ ಒಂದೇ ಎತ್ತರ. ಲಾರಿಯವನು ಅದನ್ನು ತೆಗೆದುಕೊಳ್ಳಲೂ ಆಗದೆ ಬಿಡಲೂ ಆಗದೆ ನಿಂತ. ಒಸ್ಮಾರ್ ಕೈ ಚಾಚಿಕೊಂಡೇ ಇದ್ದ, "ತಗೊಳ್ಳಿ ಸಾರ್" ಅಂದ.

ಪೊಲೀಸಿನವನು ಪಕ್ಕದಿಂದ ಬಂದು ಅದನ್ನು ತೆಗೆದುಕೊಂಡ. ಆಗ ಕೈ ಬಂದ ಕಡೆಯಿಂದ ಒಸ್ಮಾರನಿಗೆ ತನ್ನ ತಪ್ಪು ಗೊತ್ತಾಯಿತು. ಅವನು ಟೋಪಿ ಹಾಕಿಕೊಂಡ, ಗಾಳಿ ಅದನ್ನು ಹಾರಿಸಿತು. ಯಾರೂ ಹಿಡಿಯಲು ಹೋಗಲಿಲ್ಲ.

ಲಿಸಾಂದ್ರೊ ಎರಡು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆ ಅಂದುಕೊಂಡಳು ನೆಲಿದಾ, ಹೊಡೆಯಲಿ ಅಂದುಕೊಂಡಳು. ಅವನು ಹೊಡೆಯಲಿಲ್ಲ, ಅಲ್ಲೇ ಜಲ್ಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತ. ನೆಲಿದಾ ಅವನ ಹೆಂಡತಿಯ ಹತ್ತಿರ ಹೋಗಿ ನೀರು ಹಿಡಿದಳು. ಆ ಹೆಣ್ಣುಮಗಳು ಲೋಟ ಮುಟ್ಟಲಿಲ್ಲ.

"ಗೊತ್ತಿದ್ದೂ ಓಡಿಸೋಕೆ ಬಿಟ್ರಾ?" ಅಂತ ಕೇಳಿದಳು.

"ಬಿಟ್ಟೆ."

"ನಾಳೆ ಬೇರೆ ಯಾರಿಗೋ ಹೀಗಾಗಿದ್ರೆ? ನಿನ್ನೆ ಎಷ್ಟು ಜನಕ್ಕೆ ದೀಪ ಹಾಕಿದ್ರಿ?"

ನೆಲಿದಾ ಲೋಟವನ್ನು ಅವಳ ಪಕ್ಕದಲ್ಲಿ ಕಲ್ಲಿಗೆ ಒರಗಿಸಿಟ್ಟು ಬಂದಳು.

ಆಂಬುಲೆನ್ಸ್ ಬಂತು, ಮೂವರನ್ನೂ ಕರೆದುಕೊಂಡು ಹೋಯಿತು. ಹೋಗುವ ಮೊದಲು ಮೋರಾ ಕಿತ್ತಳೆಯಿಂದ ಇಳಿದು, ಅಭ್ಯಾಸದಂತೆ, "ಥ್ಯಾಂಕ್ಯೂ ಡ್ರೈವರ್" ಅಂದಳು. ಒಸ್ಮಾರ್ ದನಿ ಬಂದ ಕಡೆ ಬಗ್ಗಿದ. ಅಷ್ಟರಲ್ಲಿ ಅವಳು ಅಪ್ಪನ ಹತ್ತಿರ ಓಡಿದ್ದಳು. ಅಪ್ಪ ಅವಳನ್ನು ಎತ್ತಿಕೊಂಡ, ಅವಳು ಬೇಡವೆನ್ನಲಿಲ್ಲ.

"ವ್ಯಾನನ್ನ ಚೌಕಿಗೆ ತರಬೇಕು" ಅಂದ ಪೊಲೀಸಿನವನು. "ನಾನು ಜೀಪಿನಲ್ಲಿ ಮುಂದೆ ಹೋಗ್ತಿರ್ತೀನಿ. ಇದನ್ನ ಯಾರು ಓಡಿಸ್ತೀರಿ?"

ನೆಲಿದಾ ಪರ್ಸಿನಿಂದ ತನ್ನ ಲೈಸೆನ್ಸ್ ತೆಗೆದಳು. ಅದು ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಪೊಲೀಸಿನವನು 'ಇದೊಂದು ಬಾಕಿ ಇತ್ತು' ಅನ್ನುವ ಮುಖ ಮಾಡಿದ, ಬೇರೇನೂ ಅನ್ನಲಿಲ್ಲ. ಒಸ್ಮಾರ್ ಗಾಡಿಯ ಸುತ್ತ ತಡವಿಕೊಂಡು ಬಂದು, ಅವಳ ಸೀಟಿನಲ್ಲಿ, ಫ್ಲಾಸ್ಕಿನ ನೀರು ಚೆಲ್ಲಿ ಒದ್ದೆಯಾದ ಕಡೆ ಕೂತ. ನೆಲಿದಾ ಅವನ ಸೀಟಿಗೆ ಹತ್ತಿದಳು. ಸೀಟನ್ನು ಮುಂದಕ್ಕೆ ಎಳೆಯಲು ಹೋದರೆ ಅದು ಅಲ್ಲಾಡಲಿಲ್ಲ. ಅಷ್ಟು ವರ್ಷದಿಂದ ಅದನ್ನು ಯಾರೂ ಎಳೆದಿರಲಿಲ್ಲ. ತುದಿಯಲ್ಲಿ ಕೂತು ಕಾಲು ಚಾಚಿ ಕ್ಲಚ್ ಒತ್ತಿದಳು. ಎಂಜಿನ್ ಆಫಾಯಿತು. ಇನ್ನೊಮ್ಮೆ ಆಫಾಯಿತು. ಗೇರು ಕರಕರ ಅಂದಿತು. ಒಸ್ಮಾರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅಂದಳು ನೆಲಿದಾ. ಬೈದಿದ್ದರೂ ಆಗುತ್ತಿತ್ತು.

ಮೂರನೇ ಸಲಕ್ಕೆ ಕಿತ್ತಳೆ ರಸ್ತೆಗೆ ಹತ್ತಿತು. ಜೀಪು ಮುಂದೆ ದೂರದಲ್ಲಿ ಹೋಗುತ್ತಿತ್ತು. ಗಾಳಿ ತಳ್ಳಿದಾಗಲೆಲ್ಲ ಅವಳ ಕೈ ಬಿಗಿಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಒಂದು ಟ್ಯಾಂಕರ್ ಕಾಣಿಸಿತು. ಹತ್ತಿರ ಬಂದು, ವೇಗ ಇಳಿಸಿ, ಹಿಂದೆ ನಿಂತ ಹಾಗೆ ಹಿಂಬಾಲಿಸಿತು.

"ಹಿಂದೆ ಲಾರಿ ಇದೆ" ಅಂದ ಒಸ್ಮಾರ್. ಅವನ ಕಿವಿ ಚೆನ್ನಾಗಿತ್ತು.

"ಗೊತ್ತು."

"ಮುಂದೆ ಹೇಗಿದೆ?"

ಅವಳು ನೋಡಿದಳು. ರಸ್ತೆ ಆಕಾಶದ ತನಕ ನೆಟ್ಟಗೆ ಬಿದ್ದಿತ್ತು. ತಗ್ಗಿಲ್ಲ, ತಿರುವಿಲ್ಲ, ಜೀಪು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ.

"ಖಾಲಿ ಇದೆ."

"ಹಾಗಾದ್ರೆ ದೀಪ ಹಾಕು. ಪಾಪ, ಕಾಯ್ತಿದಾನೆ."

ಅವಳ ಬೆರಳು ದೀಪದ ಕಡ್ಡಿಯ ತನಕ ಹೋಯಿತು. ಅಲ್ಲೇ ನಿಂತಿತು. ವಾಪಸ್ ಬಂದು ಸ್ಟಿಯರಿಂಗ್ ಹಿಡಿಯಿತು.

"ಅವನಿಗೆ ಕಣ್ಣಿದೆ ಒಸ್ಮಾರ್" ಅಂದಳು. "ಅವನೇ ನೋಡ್ಕೊಂಡು ಹೋಗ್ಲಿ."

ಟ್ಯಾಂಕರಿನವನು ಇನ್ನೊಂದಿಷ್ಟು ಕಾದ, ಆಮೇಲೆ ತಾನೇ ಮೂತಿ ಹೊರಗೆ ಹಾಕಿ ನೋಡಿದ, ಎದುರು ಸಾಲಿಗೆ ಇಳಿದ. ನೆಲಿದಾಳ ಎಡಗಡೆಯಲ್ಲಿ ಚಕ್ರದ ಮೇಲೆ ಚಕ್ರ ಉರುಳಿಕೊಂಡು ಹೋದವು, ಕಿತ್ತಳೆ ಪೂರ್ತಿ ನಡುಗಿತು. ದಾಟಿದ ಮೇಲೆ, ದೀಪ ಹಾಕದಿದ್ದರೂ, ಅವನು ಅಭ್ಯಾಸಬಲದಿಂದ ಒಮ್ಮೆ ಹಾರ್ನ್ ಒತ್ತಿದ.

ಒಸ್ಮಾರನ ಕೈ ತಾನಾಗಿ ಮೇಲೆದ್ದಿತು. ಪಕ್ಕದ ಕಿಟಕಿಯ ಕಡೆಗೆ ತಿರುಗಿ, ಎಂದಿನಂತೆ, ಅಂಗೈ ಬಿಚ್ಚಿ ಬೀಸಿದ. ಆದರೆ ಈಗ ಅವನು ಕೂತಿದ್ದದ್ದು ಬಲಗಡೆಯ ಸೀಟಿನಲ್ಲಿ. ಆ ಕಿಟಕಿಯಾಚೆ ಮುಳ್ಳುಪೊದೆಯ ಬಯಲು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಬಹಳ ಹೊತ್ತು ಕೈ ಬೀಸಿದ. ಒಂದು ಬೇಸಿಗೆಯೆಲ್ಲ ಕಂಡದ್ದನ್ನೆಲ್ಲ ಅವನಿಗೆ ಬಾಯಿಬಿಟ್ಟು ಹೇಳುತ್ತ ಬಂದಿದ್ದ ನೆಲಿದಾ, ಇದನ್ನು ಹೇಳಲಿಲ್ಲ.